ಅಂದಾಜು ಪಟ್ಟಿಯಲ್ಲಿ ಹಾರುವ ಅಳಿಲಿಗೂ ಒಂದು ಸಾಲು

ಪಶ್ಚಿಮ ಘಟ್ಟದ ಕಾಡುಗಳಲ್ಲಿ ಕತ್ತಲಾದ ಮೇಲೆ ಮರದಿಂದ ಮರಕ್ಕೆ ತೇಲುವ ಪ್ರಾಣಿಯೊಂದಿದೆ. ಪುಸ್ತಕಗಳಲ್ಲಿ ಅದು ಹಾರುವ ಅಳಿಲು, ಮಲೆನಾಡಿನವರ ಬಾಯಲ್ಲಿ ಹಾರುಬೆಕ್ಕು. ನಿಜ ಹೇಳಬೇಕೆಂದರೆ ಅದು ಹಾರುವುದೇ ಇಲ್ಲ. ಮುಂಗಾಲಿನಿಂದ ಹಿಂಗಾಲಿನವರೆಗೆ ಇರುವ ಚರ್ಮದ ಪದರವನ್ನು ಬಿಚ್ಚಿಕೊಂಡು ಎತ್ತರದಿಂದ ಗಾಳಿಯಲ್ಲಿ ಜಾರುತ್ತದೆ. ಅದರ ಅಳಿವು ಉಳಿವಿನ ಲೆಕ್ಕ ಇರುವುದು ಇಲ್ಲೇ.

ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ನಮ್ಮ ದೊಡ್ಡ ಹಾರುವ ಅಳಿಲು 'ಕನಿಷ್ಠ ಕಾಳಜಿ'ಯ ವರ್ಗದಲ್ಲಿದೆ. ದಕ್ಷಿಣದ ಘಟ್ಟಗಳ ಚಿಕ್ಕ ತಿರುವಾಂಕೂರು ಹಾರುವ ಅಳಿಲು ಅಪಾಯದ ಅಂಚಿನಲ್ಲಿದೆ. ದಶಕಗಳ ಕಾಲ ವಿಜ್ಞಾನಿಗಳ ಕಣ್ಣಿಗೆ ಬೀಳದಿದ್ದ ಅದು ಕೇರಳದಲ್ಲಿ ಮತ್ತೆ ಪತ್ತೆಯಾದದ್ದು 1989ರಲ್ಲಿ. 'ಕನಿಷ್ಠ ಕಾಳಜಿ' ಎಂದ ಮಾತ್ರಕ್ಕೆ ಚಿಂತೆ ಬೇಡ ಎಂದಲ್ಲ. ಹಲವು ದೇಶಗಳಲ್ಲಿ ಹರಡಿರುವ ಪ್ರಾಣಿಯ ಬಗ್ಗೆ ಒಟ್ಟಾರೆ ಹೇಳುವ ಮಾತದು. ನಮ್ಮ ಒಂದು ಘಾಟಿಯ ಎರಡು ಬದಿಯಲ್ಲಿ ಏನಾಗುತ್ತಿದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ರಸ್ತೆಯ ತಿರುವಿಗೆ, ಇಳಿಜಾರಿಗೆ, ಚರಂಡಿಗೆ ಸೂತ್ರಗಳನ್ನು ಕಲಿಯುತ್ತೇವೆ. ಈ ಅಳಿಲಿನ ಲೆಕ್ಕ ಅವಕ್ಕಿಂತ ಸುಲಭ. ಒಂದು ಮೀಟರ್ ಕೆಳಗಿಳಿಯುವಷ್ಟರಲ್ಲಿ ಅದು ಎರಡು ಮೀಟರ್ ಮುಂದೆ ಹೋಗುತ್ತದೆ ಎಂದುಕೊಳ್ಳಿ. 20 ಮೀಟರ್ ಎತ್ತರದ ಮರದಿಂದ ಜಿಗಿದರೆ 40 ಮೀಟರ್ ದಾಟುವಷ್ಟರಲ್ಲಿ ನೆಲ ಸೇರುತ್ತದೆ. ಹಳೆಯ ದ್ವಿಪಥ ರಸ್ತೆಯ ಮೇಲೆ ಎರಡೂ ಕಡೆಯ ಕೊಂಬೆಗಳು ಹತ್ತಿರವಿದ್ದವು, ದಾಟುವುದು ಕಷ್ಟವಿರಲಿಲ್ಲ. ಅದೇ ರಸ್ತೆಗೆ 45 ಮೀಟರ್ ಅಗಲಕ್ಕೆ ಮರ ಕಡಿದರೆ ಅಳಿಲು ಇಳಿಯುವುದು ಡಾಂಬರಿನ ಮೇಲೆ. ಇಲ್ಲವೇ ಅದು ದಾಟುವುದನ್ನೇ ಬಿಡುತ್ತದೆ, ಒಂದೇ ಕಾಡಿನ ಅಳಿಲುಗಳು ಎರಡು ಪಾಲಾಗುತ್ತವೆ.

'ಒಂದು ಮರ ಕಡಿದರೆ ಹತ್ತು ಸಸಿ ನೆಡುತ್ತೇವಲ್ಲ' ಎನ್ನುವವರಿದ್ದಾರೆ. ಆದರೆ ಹಾರುವ ಅಳಿಲು ಹಗಲು ಮಲಗುವುದು, ಮರಿ ಹಾಕುವುದು ಹಳೆಯ ಮರಗಳ ಪೊಟರೆಗಳಲ್ಲಿ. ಸಸಿಯಲ್ಲಿ ಪೊಟರೆಯಾಗಲು ಹಲವು ದಶಕ ಕಾಯಬೇಕು. ದೊಡ್ಡ ಹಾರುವ ಅಳಿಲು ಸಾಮಾನ್ಯವಾಗಿ ಹಾಕುವುದು ಒಂದೇ ಮರಿ. ಕಳೆದುಕೊಂಡ ಸಂಖ್ಯೆಯನ್ನು ಬೇಗ ತುಂಬಿಕೊಳ್ಳುವ ಪ್ರಾಣಿ ಇದಲ್ಲ.

ರಸ್ತೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಘಾಟಿ ಬಂದ್ ಆದರೆ ರೋಗಿಗಳು, ರೈತರು ಪಡುವ ಪಾಡು ಎಲ್ಲರಿಗೂ ಗೊತ್ತಿದೆ. ನನ್ನ ಪ್ರಶ್ನೆ ರಸ್ತೆಯ ವಿನ್ಯಾಸದ ಬಗ್ಗೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಚೆರೋಹಾಲಾ ಸ್ಕೈವೇ ಎಂಬ ಬೆಟ್ಟದ ರಸ್ತೆಯ ಎರಡೂ ಬದಿ 2008ರಲ್ಲಿ ಎತ್ತರದ ಮರದ ಕಂಬಗಳನ್ನು ನೆಟ್ಟರು. ಅಲ್ಲಿನ ಹಾರುವ ಅಳಿಲುಗಳು ಆ ಕಂಬ ಹತ್ತಿ ರಸ್ತೆ ದಾಟಿದವು. ನಮ್ಮ ಪಕ್ಕದ ತಮಿಳುನಾಡಿನ ವಾಲ್ಪಾರೈನಲ್ಲಿ ಸಿಂಗಳೀಕಗಳಿಗಾಗಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ಸೇತುವೆ ಕಟ್ಟಿದ್ದಾರೆ.

ಘಟ್ಟದ ರಸ್ತೆ ಅಗಲ ಮಾಡುವ ಮೊದಲು ರಾತ್ರಿ ಸಮೀಕ್ಷೆ ಆಗಲಿ. ಅಳಿಲುಗಳು ದಾಟುವ ಜಾಗದಲ್ಲಿ ಎರಡೂ ಬದಿಯ ಎತ್ತರದ ಮರಗಳನ್ನು ಜೋಡಿಯಾಗಿ ಉಳಿಸಲಿ. ಅದು ಸಾಧ್ಯವಿಲ್ಲದ ಕಡೆ ಕಂಬ ನೆಡಲಿ. ಚರಂಡಿಗೆ, ತಡೆಗೋಡೆಗೆ ಇರುವಂತೆ ಇದಕ್ಕೂ ಅಂದಾಜು ಪಟ್ಟಿಯಲ್ಲಿ ಒಂದು ಸಾಲು ಇರಲಿ. ಇನ್ನು ಕೆಲವೇ ವರ್ಷಗಳಲ್ಲಿ ಆ ಪಟ್ಟಿ ತಯಾರಿಸುವವರು ನಮ್ಮಂಥ ವಿದ್ಯಾರ್ಥಿಗಳೇ. ಆ ಸಾಲನ್ನು ಬರೆಯುವುದನ್ನು ಈಗಲೇ ಕಲಿಯೋಣ.