ವಿಶೇಷ ಪಡೆಗಳೂ ನಮ್ಮ ತರುಣರೂ

ಸೈನ್ಯವನ್ನು ಸೇರಬೇಕೆಂಬ ಆಕಾಂಕ್ಷೆಯು ನಮ್ಮ ಪಟ್ಟಣಗಳ ತರುಣರಲ್ಲಿ ಇತ್ತೀಚೆಗೆ ಒಂದು ಹೊಸ ರೂಪವನ್ನು ತಾಳಿರುವುದು. ಹಿಂದೆ ಸೈನ್ಯಕ್ಕೆ ಹೋಗುವೆನೆಂಬ ಹುಡುಗನು ಸಿಪಾಯಿಯಾಗುವೆನೆಂದೋ ಅಧಿಕಾರಿಯಾಗುವೆನೆಂದೋ ಹೇಳುತ್ತಿದ್ದನು. ಈಗಿನವನು ಕಮಾಂಡೋ ಆಗುವೆನೆಂದೇ ಹೇಳುವನು. 2016ರ ಸೆಪ್ಟೆಂಬರಿನಲ್ಲಿ ನಮ್ಮ ವಿಶೇಷ ಪಡೆಗಳು ನಿಯಂತ್ರಣ ರೇಖೆಯನ್ನು ದಾಟಿ ಭಯೋತ್ಪಾದಕರ ನೆಲೆಗಳ ಮೇಲೆ ನಡೆಸಿದ ದಾಳಿಯೂ, 2019ರಲ್ಲಿ ಆ ದಾಳಿಯನ್ನೇ ವಸ್ತುವಾಗಿರಿಸಿಕೊಂಡು ತೆರೆಗೆ ಬಂದ ಚಲಚ್ಚಿತ್ರವೂ ಈ ಉತ್ಸಾಹಕ್ಕೆ ಕಾರಣಗಳಾದವು. ಅದೇ ವರುಷ ವಿಶ್ವಕಪ್ಪಿನ ಕ್ರಿಕೆಟ್ ಪಂದ್ಯವೊಂದರಲ್ಲಿ ಮಹೇಂದ್ರಸಿಂಗ ಧೋನಿಯವರ ಕೈಗವಸಿನ ಮೇಲೆ ಕಾಣಿಸಿದ ಬಲಿದಾನದ ಲಾಂಛನವು, ಅದರ ಅರ್ಥವನ್ನು ಎಂದೂ ವಿಚಾರಿಸದಿದ್ದ ಮನೆಗಳಲ್ಲಿ ಸಹ ಚರ್ಚೆಯ ವಿಷಯವಾಯಿತು. ತರುಣರ ಈ ಉತ್ಸಾಹವನ್ನು ನಾವು ಹೃತ್ಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಉತ್ಸಾಹವನ್ನು ಹೊಗಳಿ ಸುಮ್ಮನಾಗುವುದು ಹಿರಿಯರ ಲಕ್ಷಣವಲ್ಲ. ಈ ಮಾರ್ಗವು ಎಂತಹದು, ಅದರಲ್ಲಿ ನಡೆಯುವವನಿಗೆ ನಾಡು ಸಲ್ಲಿಸಬೇಕಾದ ಋಣವೇನು ಎಂಬುದನ್ನು ವಿಚಾರಿಸುವುದು ಅವಶ್ಯವಾಗಿರುವುದು.

ವಿಶೇಷ ಪಡೆಗಳೆಂಬುವು ನಿನ್ನೆ ಮೊನ್ನೆ ಹುಟ್ಟಿದವಲ್ಲ. 1941ರ ಅಕ್ಟೋಬರಿನಲ್ಲಿ ದಿಲ್ಲಿಯಲ್ಲಿ 50ನೆಯ ಪ್ಯಾರಾಶೂಟ್ ಬ್ರಿಗೇಡು ರಚಿತವಾದಾಗಲೇ ಆಕಾಶದಿಂದಿಳಿದು ಕಾದುವ ಸೈನಿಕರ ಪರಂಪರೆಯು ನಮ್ಮಲ್ಲಿ ಆರಂಭವಾಯಿತು. 1965ರ ಯುದ್ಧದಲ್ಲಿ ಮೇಜರ್ ಮೇಘಸಿಂಗರು ಸ್ವಯಿಚ್ಛೆಯಿಂದ ಮುಂದೆ ಬಂದ ಸೈನಿಕರನ್ನು ಆರಿಸಿ ಕಟ್ಟಿದ ‘ಮೇಘದೂತ’ ಪಡೆಯು ಶತ್ರುವಿನ ಬೆನ್ನ ಹಿಂದೆ ನುಗ್ಗಿ ಸೇತುವೆ, ಠಾಣ್ಯಗಳ ಮೇಲೆ ಬಿದ್ದಿತು. ಅದರ ಫಲವನ್ನು ಕಂಡ ಸೇನಾನಾಯಕರು ಮರು ವರುಷವೇ ಪ್ಯಾರಾಶೂಟ್ ರೆಜಿಮೆಂಟಿನ 9ನೆಯ ಕಮಾಂಡೋ ಬೆಟಾಲಿಯನ್ನನ್ನೂ, 1967ರಲ್ಲಿ 10ನೆಯದನ್ನೂ ಸ್ಥಾಪಿಸಿದರು. 1971ರ ಡಿಸೆಂಬರಿನಲ್ಲಿ ಜಯಪುರದ ಮಹಾರಾಜ ಭವಾನೀಸಿಂಗರ ನಾಯಕತ್ವದಲ್ಲಿ 10ನೆಯದು ಮರುಭೂಮಿಯನ್ನು ಜೀಪುಗಳಲ್ಲಿ ದಾಟಿ ಸಿಂಧ ಪ್ರಾಂತದ ಛಾಚ್ರೋದ ಮೇಲೆ ಬಿದ್ದಿತು. ಪೂಂಛದ ಎದುರಿನ ಮಂಧೋಲಿನಲ್ಲಿ 9ನೆಯದರ ಯೋಧರು ರಾತ್ರೋರಾತ್ರಿ ಶತ್ರುವಿನ ಆರು ಫಿರಂಗಿಗಳನ್ನು ಹಾಳುಗೆಡವಿದರು. ನೌಕಾಸೇನೆಯ ಮಾರ್ಕೋಸ್ ಪಡೆಯು 1987ರಲ್ಲಿ ಹುಟ್ಟಿತು. ವಾಯುಸೇನೆಯ ಗರುಡ ಪಡೆಯು ಈ ಶತಮಾನದ ಆರಂಭದಲ್ಲಿ ಬಂದಿತು. 1984ರಲ್ಲಿ ರಚಿತವಾದ ರಾಷ್ಟ್ರೀಯ ಸುರಕ್ಷಾ ದಳವು ಗೃಹಮಂತ್ರಾಲಯದ ಅಧೀನದಲ್ಲಿದ್ದು, ಸೇನೆಯಿಂದಲೂ ಪೋಲೀಸು ಪಡೆಗಳಿಂದಲೂ ಎರವಲಾಗಿ ಬಂದವರಿಂದ ನಡೆಯುತ್ತಿರುವುದು.

ಈ ಪಡೆಗಳಲ್ಲಿ ಪ್ರವೇಶ ದೊರೆಯುವ ಬಗೆಯನ್ನು ನಮ್ಮ ವಾಚಕರು ಸ್ಪಷ್ಟವಾಗಿ ತಿಳಿದಿರಬೇಕು. ಅಧಿಕಾರಿಯಾಗಬಯಸುವವನು ಮೊದಲು ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಆಯ್ಕೆ ಮಂಡಳಿಯ ಮುಂದೆ ಐದು ದಿನಗಳ ಪರೀಕ್ಷೆಗಳನ್ನು ಎದುರಿಸಿ, ಖಡಕವಾಸಲಾ, ಡೆಹರಾಡೂನ್ ಅಥವಾ ಚೆನ್ನೈಯ ಶಿಕ್ಷಣಾಲಯದಲ್ಲಿ ತಯಾರಾಗಬೇಕು. ಸಿಪಾಯಿಯಾಗಬಯಸುವವನು ಭರ್ತಿ ಮೇಳಗಳಲ್ಲಿ ಆಯ್ಕೆಗೊಂಡು ಶಿಕ್ಷಣ ಕೇಂದ್ರದಲ್ಲಿ ಸೈನಿಕನ ಮೂಲ ವಿದ್ಯೆಯನ್ನು ಕಲಿಯಬೇಕು. ಭೂಸೇನೆಯ ವಿಶೇಷ ಪಡೆಗೆ ಹೋಗುವ ಪ್ರಶ್ನೆಯು ಆ ನಂತರದ್ದು. ಅಲ್ಲಿಗೆ ಯಾರನ್ನೂ ಅಪ್ಪಣೆ ಮಾಡಿ ಕಳುಹಿಸುವುದಿಲ್ಲ. ತಾನಾಗಿ ಹೆಸರು ಕೊಟ್ಟವನೇ ಹೋಗಬೇಕು. ಹೋದವನಿಗೆ ಸುಮಾರು ಮೂರು ತಿಂಗಳ ಅಗ್ನಿಪರೀಕ್ಷೆಯು ಕಾದಿರುವುದು. ಬೆನ್ನ ಮೇಲೆ ಭಾರ ಹೊತ್ತು ರಾತ್ರಿಯೆಲ್ಲ ನಡೆಯುವುದು, ದಿನಗಟ್ಟಲೆ ನಿದ್ರೆಯಿಲ್ಲದೆ ಇದ್ದು ಅಂತಹ ಸ್ಥಿತಿಯಲ್ಲಿಯೂ ಲೆಕ್ಕ ತಪ್ಪದೆ ಆಲೋಚಿಸುವುದು, ಹಸಿವು ಚಳಿಗಳಲ್ಲಿ ಜತೆಗಾರನನ್ನು ಕೈಬಿಡದಿರುವುದು ಇವೇ ಅಲ್ಲಿಯ ಪ್ರಶ್ನೆಪತ್ರಿಕೆಗಳು. ಬಂದವರಲ್ಲಿ ಬಹುಪಾಲು ಜನರು ಮರಳಿ ತಮ್ಮ ಮೂಲ ಪಡೆಗಳಿಗೆ ಹೋಗುವರು. ಉಳಿದವರು ಆಗ್ರಾದ ಶಿಕ್ಷಣಶಾಲೆಯಲ್ಲಿ ವಿಮಾನದಿಂದ ಐದು ಬಾರಿ, ಅದರಲ್ಲಿ ಒಮ್ಮೆ ಕತ್ತಲಲ್ಲಿ, ಧುಮುಕಿ ತಮ್ಮ ರೆಕ್ಕೆಗಳನ್ನು ಗಳಿಸುವರು.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವಿದೆ. ಹಣ ಪಡೆದು ಹುಡುಗರನ್ನು ಕಮಾಂಡೋಗಳನ್ನಾಗಿ ಮಾಡುವೆವೆಂದು ಸಾರುವ ಖಾಸಗಿ ತರಬೇತಿಯ ಮನೆಗಳು ಅಲ್ಲಲ್ಲಿ ತಲೆಯೆತ್ತಿರುವುವು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆಂಬ ಗಾದೆಯಂತೆ, ಸಿಪಾಯಿಯೇ ಆಗದವನಿಗೆ ಕಡುಗೆಂಪು ಟೊಪ್ಪಿಗೆಯ ಆಸೆ ತೋರಿಸುವುದು ವಂಚನೆಯಲ್ಲದೆ ಮತ್ತೇನು? ಆ ಟೊಪ್ಪಿಗೆಯನ್ನು ಮಾರುವ ಅಧಿಕಾರವು ಯಾರಿಗೂ ಇಲ್ಲ. ಶಿಫಾರಸಿನ ಪತ್ರವಾಗಲಿ, ಮನೆತನದ ಹೆಸರಾಗಲಿ, ಅಂಕಪಟ್ಟಿಯಾಗಲಿ ಆ ಬಾಗಿಲನ್ನು ತೆರೆಯಲಾರವು. ಬಡವನ ಮಗನೂ ಸಾಹುಕಾರನ ಮಗನೂ ಒಂದೇ ಭಾರವನ್ನು ಹೊತ್ತು ಒಂದೇ ದಾರಿಯನ್ನು ನಡೆಯುವ ಇಂತಹ ಸ್ಥಾನಗಳು ನಮ್ಮ ದೇಶದಲ್ಲಿ ಎಷ್ಟಿವೆಯೆಂಬುದನ್ನು ವಾಚಕರೇ ಎಣಿಸಿ ನೋಡಲಿ.

ಕರ್ನಾಟಕಕ್ಕೂ ಈ ವಿದ್ಯೆಗೂ ಇರುವ ಸಂಬಂಧವು ಸಾಮಾನ್ಯವಾದುದಲ್ಲ. ಪ್ಯಾರಾಶೂಟ್ ರೆಜಿಮೆಂಟಿನ ಶಿಕ್ಷಣ ಕೇಂದ್ರವು ಬೆಂಗಳೂರಿನಲ್ಲಿಯೇ ಇರುವುದು. ಕಾಲಾಳು ಪಡೆಗಳ ಕಿರಿಯ ನಾಯಕರಿಗೆ ಕಮಾಂಡೋ ವಿದ್ಯೆಯನ್ನು ಕಲಿಸುವ ಶಾಲೆಯು ಬೆಳಗಾವಿಯಲ್ಲಿರುವುದು. ವಿಜಯಪುರದಲ್ಲಿ 1963ರಿಂದಲೂ ಕೊಡಗಿನ ಕೂಡಿಗೆಯಲ್ಲಿ 2007ರಿಂದಲೂ ಸೈನಿಕ ಶಾಲೆಗಳು ನಡೆದಿರುವುವು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ನರು ಬಿಹಾರ ರೆಜಿಮೆಂಟಿನಿಂದ ಸುರಕ್ಷಾ ದಳಕ್ಕೆ ಹೋಗಿ, 2008ರ ನವೆಂಬರ್ 28ರಂದು ಮುಂಬಯಿಯ ತಾಜ್ ಹೋಟೆಲಿನಲ್ಲಿ ಗಾಯಗೊಂಡ ಸಂಗಡಿಗನನ್ನು ಉಳಿಸಿ, ತಾನೊಬ್ಬನೇ ಶತ್ರುಗಳನ್ನು ಬೆನ್ನಟ್ಟಿ ವೀರಮರಣವನ್ನೈದಿದರು. ಮರು ವರುಷದ ಗಣರಾಜ್ಯೋತ್ಸವದಂದು ಅವರಿಗೆ ಅಶೋಕ ಚಕ್ರವು ಸಂದಿತು. ಅಂದು ಅವರಿಗೆ 31 ವರುಷ ವಯಸ್ಸು. ಅವರ ಪ್ರತಿಮೆಗೆ ಹಾರ ಹಾಕುವ ನಾವು ಆ ಮೂರು ದಿನಗಳ ಮತ್ತೊಂದು ಸಂಗತಿಯನ್ನು ಮರೆಯಬಾರದು.

ಆ ಸಂಗತಿ ಯಾವುದು? ನವೆಂಬರ್ 26ರ ರಾತ್ರಿ ಮುಂಬಯಿಯಲ್ಲಿ ಗುಂಡುಗಳು ಹಾರಲಾರಂಭಿಸಿದಾಗ ಸುರಕ್ಷಾ ದಳದ ವೀರರು ದಿಲ್ಲಿಯ ಸಮೀಪದ ಮಾನೇಸರದಲ್ಲಿದ್ದರು. ಅವರನ್ನು ಒಯ್ಯತಕ್ಕ ದೊಡ್ಡ ವಿಮಾನವು ಚಂಡೀಗಢದಿಂದ ಬರಬೇಕಾಗಿತ್ತು. ಅವರು ಮುಂಬಯಿಯನ್ನು ಮುಟ್ಟುವ ಹೊತ್ತಿಗೆ ಬೆಳಗಾಗಿತ್ತು. ಅನಂತರ 2009ರಲ್ಲಿ ಮುಂಬಯಿ, ಚೆನ್ನೈ, ಹೈದರಾಬಾದ್, ಕೋಲಕತ್ತಾಗಳಲ್ಲಿ ದಳದ ಕೇಂದ್ರಗಳು ತೆರೆಯಲ್ಪಟ್ಟವು. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಮಾತಿಗೆ ಇದಕ್ಕಿಂತ ಖೇದಕರವಾದ ನಿದರ್ಶನ ಬೇಕೆ? ಅದಕ್ಕೂ ಮುಂಚೆ, 1987ರ ಅಕ್ಟೋಬರ್ 11ರ ರಾತ್ರಿ, ಲಂಕೆಯ ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ನಮ್ಮ ಕಮಾಂಡೋಗಳನ್ನೂ 13ನೆಯ ಸಿಖ್ ಲಘು ಪದಾತಿ ದಳದ ಒಂದು ತುಕಡಿಯನ್ನೂ ಹೆಲಿಕಾಪ್ಟರುಗಳಿಂದ ಇಳಿಸಿದರು. ವಿರೋಧಿಗಳಿಗೆ ಸುಳಿವು ಮೊದಲೇ ಸಿಕ್ಕಿದ್ದಿತು. ಸಿಖ್ ತುಕಡಿಯ 30 ಮಂದಿಯಲ್ಲಿ 29 ಮಂದಿ ಹತರಾಗಿ ಒಬ್ಬನು ಸೆರೆಸಿಕ್ಕನು. ಶೌರ್ಯದಲ್ಲಿ ಅವರಾರೂ ಕಡಿಮೆಯಾಗಿರಲಿಲ್ಲ. ಗೂಢವಾರ್ತೆಯೂ ಯೋಜನೆಯೂ ಕಡಿಮೆಯಾಗಿದ್ದವು. ಸೈನಿಕನ ಎದೆಗಾರಿಕೆಯಿಂದ ಮೇಲಿನವರ ಅಜಾಗರೂಕತೆಯನ್ನು ತುಂಬಿಕೊಳ್ಳಬಹುದೆಂಬ ಭ್ರಮೆಯನ್ನು ಸರಕಾರಗಳು ಎಂದೆಂದಿಗೂ ಬಿಡಬೇಕು.

ಈ ದೃಷ್ಟಿಯಿಂದಲೇ ಅಗ್ನಿಪಥ ಯೋಜನೆಯನ್ನು ಕುರಿತು ಒಂದು ಮಾತನ್ನು ಹೇಳದೆ ಗತ್ಯಂತರವಿಲ್ಲ. 2022ರ ಜೂನ್ 14ರಂದು ಪ್ರಕಟವಾದ ಆ ಯೋಜನೆಯ ಪ್ರಕಾರ ಸಿಪಾಯಿಯು ನಾಲ್ಕು ವರುಷಗಳಿಗೆ ಭರ್ತಿಯಾಗುವನು. ಅವಧಿ ಮುಗಿದ ಬಳಿಕ ನೂರಕ್ಕೆ 25ರವರೆಗೆ ಜನರನ್ನು ಉಳಿಸಿಕೊಂಡು ಉಳಿದವರನ್ನು ಗಂಟು ಹಣದೊಡನೆ ಮನೆಗೆ ಕಳುಹಿಸುವುದೆಂದು ಅದರಲ್ಲಿ ಹೇಳಿದ್ದಿತು. ಸೇನೆಯು ತಾರುಣ್ಯವುಳ್ಳದ್ದಾಗಿರಬೇಕು, ವೇತನ ನಿವೃತ್ತಿವೇತನಗಳ ಭಾರದಲ್ಲಿ ಶಸ್ತ್ರಾಸ್ತ್ರಗಳಿಗೆ ಹಣವಿಲ್ಲದಂತಾಗಬಾರದು ಎಂಬ ಸಮರ್ಥಕರ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ವಿಶೇಷ ಪಡೆಯ ಯೋಧನ ಲೆಕ್ಕವು ಬೇರೆ. ಮೂಲ ಶಿಕ್ಷಣಕ್ಕೆ, ಪರೀಕ್ಷಾಕಾಲಕ್ಕೆ, ವಿಮಾನದಿಂದ ಧುಮುಕುವುದಕ್ಕೆ, ಆ ಮೇಲೆ ಸಿಡಿಮದ್ದು, ವೈದ್ಯ, ಸಂಪರ್ಕ, ಈಜು ಮೊದಲಾದ ಒಂದೊಂದು ವಿದ್ಯೆಗೆ ಕಾಲ ಸಲ್ಲಬೇಕು. ಅವನು ಪಕ್ವವಾಗುವ ಹೊತ್ತಿಗೆ ಗಡಿಯಾರವು ನಾಲ್ಕು ಹೊಡೆದಿರುವುದು. ಹಣ್ಣು ಬಿಡುವ ವರುಷವೇ ಮರವನ್ನು ಕಡಿಯುವ ತೋಟಗಾರನನ್ನು ಯಾರು ಜಾಣನೆನ್ನುವರು? ಇತರ ಪಡೆಗಳಲ್ಲಿ ಯಾವ ಪ್ರಮಾಣವೇ ಇರಲಿ, ವಿಶೇಷ ಪಡೆಯ ಪರೀಕ್ಷೆಯಲ್ಲಿ ಗೆದ್ದವನಿಗೆ ಪೂರ್ಣ ಸೇವೆಯು ನಿಶ್ಚಿತವಾಗಿರಬೇಕೆಂದು ನಾವು ಒತ್ತಾಯಪೂರ್ವಕವಾಗಿ ಹೇಳುತ್ತೇವೆ. ಅಂತಹವರ ಸಂಖ್ಯೆಯು ಸಣ್ಣದು. ಬೊಕ್ಕಸಕ್ಕೆ ಅದರಿಂದ ಬರುವ ಭಾರವೂ ಸಣ್ಣದು.

ಗೆದ್ದವರ ವಿಚಾರವು ಇಷ್ಟಾಯಿತು. ದೇಹವು ಮುರಿದು ಹಿಂದಿರುಗಿದವರ ವಿಚಾರವನ್ನು ನಮ್ಮ ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ಅಧಿಕಾರಿಗಳ ಶಿಕ್ಷಣಾಲಯಗಳಲ್ಲಿ ತರಬೇತಿಯ ಕಾಲಕ್ಕೆ ಬಿದ್ದು ಅಂಗವಿಕಲರಾದ ಕೆಡೆಟ್ಟರು, ಇನ್ನೂ ಅಧಿಕಾರಿಯ ಪದವಿಯನ್ನು ಪಡೆದಿರಲಿಲ್ಲವೆಂಬ ಕಾರಣದಿಂದ ಮಾಜಿ ಸೈನಿಕರೆಂಬ ಗಣನೆಗೂ ಸಿಗದೆ, ಅಲ್ಪ ಸಹಾಯಧನದಲ್ಲಿ ಬಾಳುತ್ತಿರುವ ಸಂಗತಿಯನ್ನು 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಯಾವನು ದೇಶಕ್ಕಾಗಿ ಸಾಯಲು ಸಿದ್ಧನಾಗಿ ಮನೆ ಬಿಟ್ಟನೋ ಅವನ ಬೆನ್ನೆಲುಬು ಪದವಿಪ್ರದಾನದ ಮುನ್ನಾದಿನ ಮುರಿಯಿತೆ, ಮರುದಿನ ಮುರಿಯಿತೆ ಎಂದು ಕಡತದಲ್ಲಿ ಹುಡುಕುತ್ತ ಕೂಡುವುದು ನ್ಯಾಯವೆ? ನ್ಯಾಯಸ್ಥಾನವು ಎಚ್ಚರಿಸುವವರೆಗೆ ಸರಕಾರವೂ ಸಾರ್ವಜನಿಕರೂ ಎಚ್ಚರಾಗದಿದ್ದುದು ನಮಗೆಲ್ಲ ತಲೆ ತಗ್ಗಿಸತಕ್ಕ ವಿಷಯವು. ಕಠಿನವಾದ ಶಿಕ್ಷಣದಲ್ಲಿ ಅಪಘಾತಗಳು ಆಗಿಯೇ ಆಗುವುವು. ಅವು ಆದಾಗ ಕೈಹಿಡಿಯುವ ಕಾಯಿದೆಯು ಮೊದಲೇ ಸಿದ್ಧವಾಗಿರಬೇಕು. ಇಲ್ಲವಾದರೆ ತಾಯಿತಂದೆಗಳಿಗೆ ಮಕ್ಕಳನ್ನು ಕಳುಹಿಸಿರೆಂದು ಹೇಳುವ ನೈತಿಕ ಅಧಿಕಾರವು ನಮಗಿರಲಾರದು.

ಮತ್ತೊಂದು ತಪ್ಪು ಕಲ್ಪನೆಯನ್ನೂ ನಿವಾರಿಸಬೇಕು. ವಿಶೇಷ ಪಡೆಯವನೇ ವೀರನು, ಉಳಿದವರು ಬರಿಯ ಸಂಬಳದ ಸಿಪಾಯಿಗಳು ಎಂಬ ಭಾವನೆಯು ತರುಣರಲ್ಲಿ ಹಬ್ಬುತ್ತಲಿರುವುದು. 1999ರ ಜುಲೈಯಲ್ಲಿ ಕಾರ್ಗಿಲಿನ ಟೈಗರ್ ಹಿಲ್ಲಿನ ಕಡಿದಾದ ಬಂಡೆಯನ್ನು ಹತ್ತಿ, ಮೈಯೆಲ್ಲ ಗುಂಡುಗಳಿಂದ ಗಾಯವಾದರೂ ಹಿಮ್ಮೆಟ್ಟದೆ ಕಾದಿ ಪರಮವೀರ ಚಕ್ರವನ್ನು ಪಡೆದ ಯೋಗೇಂದ್ರಸಿಂಗ ಯಾದವರು ಕಾಲಾಳು ಪಡೆಯೊಂದರ ಘಾತಕ ತುಕಡಿಯಲ್ಲಿದ್ದವರು. ಅವರಿಗಾಗ ವಯಸ್ಸು 19. ಮೂರು ತಿಂಗಳ ಪರೀಕ್ಷೆಯಲ್ಲಿ ಮರಳಿ ಬಂದ ತರುಣನು ಸೋತವನಲ್ಲ. ಅವನು ಮತ್ತೆ ತನ್ನ ಪಡೆಯಲ್ಲಿ ಗಡಿಯನ್ನು ಕಾಯುವನು. ಅವನನ್ನು ನೋಡಿ ಊರಿನವರು ನಕ್ಕರೆ ಆ ನಗೆಯು ಊರಿಗೇ ಅಪಮಾನಕರವು.

ಹಾಗಾದರೆ ನಾವೇನು ಮಾಡಬೇಕು? ಮೊದಲನೆಯದಾಗಿ, ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗಳು ಅನುಭವಿಗಳಾದ ಮಾಜಿ ಸೈನಿಕರ ಮೂಲಕ ಪ್ರತಿಯೊಂದು ಪ್ರೌಢಶಾಲೆ, ಕಾಲೇಜುಗಳಲ್ಲಿ ಈ ಮಾರ್ಗದ ಯಥಾರ್ಥವನ್ನು ಕನ್ನಡದಲ್ಲಿ ತಿಳಿಯಹೇಳಬೇಕು. ಹಾಗಾದಾಗ ಸುಳ್ಳು ಭರವಸೆಯ ಅಂಗಡಿಗಳು ತಾವಾಗಿಯೇ ಮುಚ್ಚುವುವು. ಎರಡನೆಯದಾಗಿ, ನಗರಸಭೆಗಳು ಹುಡುಗರಿಗೆ ಓಡಲು ಬಯಲನ್ನೂ ಈಜಲು ಕೊಳವನ್ನೂ ಒದಗಿಸಬೇಕು. ಆಟದ ಬಯಲನ್ನು ನಿವೇಶನಗಳನ್ನಾಗಿ ಹಂಚಿ, ಹುಡುಗರಲ್ಲಿ ಕಸುವಿಲ್ಲವೆಂದು ಗೊಣಗುವುದು ಹಿರಿಯರಿಗೆ ಒಪ್ಪುವ ಮಾತಲ್ಲ. ಮೂರನೆಯದಾಗಿ, ತಾಯಿತಂದೆಗಳು ಭಯದಿಂದ ಮಗನನ್ನು ತಡೆಯಲೂಬಾರದು, ನೆರೆಹೊರೆಯವರಲ್ಲಿ ಮೆರೆಯುವ ಹಂಬಲದಿಂದ ನೂಕಲೂಬಾರದು. ತಾನಾಗಿ ಹೆಸರು ಕೊಡುವವನಿಗೇ ತೆರೆಯುವ ಬಾಗಿಲಿನ ಮುಂದೆ ಪರರ ಬಲವಂತಕ್ಕೆ ಎಡೆಯಿಲ್ಲ.

ಗುಟ್ಟಾಗಿ ನಡೆದು ಗುಟ್ಟಾಗಿಯೇ ಉಳಿಯುವ ಕೆಲಸವನ್ನು ಈ ಯೋಧರು ಆರಿಸಿಕೊಂಡಿರುವರು. ಅವರ ಬಹುಪಾಲು ಸಾಹಸಗಳು ಪತ್ರಿಕೆಗಳ ಕಣ್ಣಿಗೆ ಬೀಳುವುದಿಲ್ಲ. ಬೀಳಬೇಕೆಂದು ಅವರು ಅಪೇಕ್ಷಿಸುವುದೂ ಇಲ್ಲ. ಅಂತಹವರಿಗೆ ಜಯಕಾರದಿಂದ ಆಗತಕ್ಕ ಪ್ರಯೋಜನವು ಅಲ್ಪ. ಸರಿಯಾದ ಸುದ್ದಿ, ಸಕಾಲಕ್ಕೆ ವಿಮಾನ, ಸೇವೆಯ ನಿಶ್ಚಿತತೆ, ಗಾಯವಾದರೆ ಗೌರವದ ಬಾಳು ಈ ನಾಲ್ಕನ್ನು ಒದಗಿಸುವ ಸರಕಾರವೂ, ಅವನ್ನು ಬಿಡದೆ ಕೇಳುವ ಪ್ರಜೆಗಳೂ ಇದ್ದರೆ, ಬಲಿದಾನವೆಂಬ ಪದವನ್ನು ಎದೆಯ ಮೇಲೆ ಧರಿಸಿದವನು ವ್ಯರ್ಥವಾಗಿ ಬಲಿಯಾಗುವ ಪ್ರಸಂಗವು ಬಾರದು. ಅಧಿಕಾರಿವರ್ಗದವರೂ ವಿಚಾರವಂತರಾದ ಪೌರರೂ ಈ ಕರ್ತವ್ಯವನ್ನು ಮನಗಾಣುವರೆಂದು ನಾವು ನಂಬಿದ್ದೇವೆ.