ನನ್ನ ಬಟ್ಟೆಗೆ ನಿಮ್ಮ ಅಪ್ಪಣೆ ಬೇಕಿಲ್ಲ

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಈ ಒಂದು ವರ್ಷದಲ್ಲಿ ನನ್ನ ಬಟ್ಟೆ ಬಗ್ಗೆ ಮೂರು ಥರದ ಜನ ಮೂರು ಮಾತು ಹೇಳಿದ್ದಾರೆ.

ಒಂದು, ಕೆಲಸದ ಜಾಗದಲ್ಲಿ: "ನಿಮ್ಮನ್ನ ನೋಡಿದ್ರೆ ಎಸ್ಸಿ ಅಂತ ಗೊತ್ತೇ ಆಗಲ್ಲ ಕಣ್ರೀ." ಹೊಗಳಿಕೆ ಅಂದ್ಕೊಂಡೇ ಹೇಳಿದ್ದು.

ಎರಡು, ಒಂದು ವಿಚಾರ ಸಂಕಿರಣದ ಊಟದ ಸಾಲಲ್ಲಿ ಪ್ರಗತಿಪರ ಮೇಡಂ ಒಬ್ಬರು: "ಇಷ್ಟೆಲ್ಲ ಅಲಂಕಾರ ಯಾಕಮ್ಮ? ಮಾರುಕಟ್ಟೆ ಕುಣಿಸಿದಂಗೆ ಕುಣೀಬಾರ್ದು. ಹೋರಾಟಗಾರ್ತಿ ಸರಳವಾಗಿರಬೇಕು."

ಮೂರು, ನಮ್ಮದೇ ಸಂಘಟನೆಯ ಅಣ್ಣ: "ತಂಗಿ, ಧರಣಿಗೆ ಲಿಪ್‌ಸ್ಟಿಕ್ ಹಾಕ್ಕೊಂಡು ಬಂದ್ರೆ ನೋಡಿದೋರು ಏನಂತಾರೆ?"

ಮೂವರೂ ಬೇರೆ ಬೇರೆ ಜನ. ಆದರೆ ಮೂವರ ತಲೆಯಲ್ಲೂ ಇರೋದು ಒಂದೇ ಚಿತ್ರ. ದಲಿತ ಹೆಣ್ಣು ಅಂದ್ರೆ ಕೆದರಿದ ಕೂದಲು, ಮಾಸಿದ ಸೀರೆ, ಕಣ್ಣಲ್ಲಿ ನೀರು. ಆ ಚಿತ್ರಕ್ಕೆ ನಾನು ಹೊಂದ್ತಾ ಇಲ್ಲ ಅನ್ನೋದೇ ಇವರೆಲ್ಲರ ತಕರಾರು. ಈ ಚಿತ್ರ ಬರೆದವರು ಯಾರು ಅಂತ ಮೊದಲು ನೋಡೋಣ.

ಮನುಸ್ಮೃತಿಯ ಹತ್ತನೇ ಅಧ್ಯಾಯ ತೆಗೆದು ನೋಡಿ. ಚಂಡಾಲರು ಏನು ಉಡಬೇಕು ಅಂತ ಅಲ್ಲಿ ವಿಧಿಸಲಾಗಿದೆ: ಹೆಣದ ಮೇಲಿನ ಬಟ್ಟೆ. ಏನು ತೊಡಬೇಕು? ಕಬ್ಬಿಣದ ಒಡವೆ. ಯಾವುದರಲ್ಲಿ ಉಣ್ಣಬೇಕು? ಒಡೆದ ಪಾತ್ರೆಯಲ್ಲಿ. ಅಂದ್ರೆ ಈ ದೇಶದಲ್ಲಿ ನಮಗೊಂದು ಡ್ರೆಸ್ ಕೋಡ್ ಇತ್ತು ಸ್ವಾಮಿ. ದೂರದಿಂದ ನೋಡಿದ ಕೂಡಲೇ ಜಾತಿ ಗೊತ್ತಾಗಬೇಕು, ಗೊತ್ತಾದ ಕೂಡಲೇ ದೂರ ನಿಲ್ಲಿಸಬೇಕು. ಅಷ್ಟಕ್ಕೇ ಆ ಕೋಡು. "ನೋಡಿದ್ರೆ ಗೊತ್ತೇ ಆಗಲ್ಲ" ಅಂತ ಇವತ್ತು ಆಶ್ಚರ್ಯ ಪಡೋರು ಇದನ್ನ ಒಂದು ಸಲ ಯೋಚಿಸಿ. ನೋಡಿದ ಕೂಡಲೇ ಗೊತ್ತಾಗಬೇಕಿತ್ತು ಅನ್ನೋ ನಿರೀಕ್ಷೆ ನಿಮ್ಮೊಳಗೆ ಎಲ್ಲಿಂದ ಬಂತು?

ಈಗ ನನ್ನ ಫ್ಯಾಷನ್‌ಗೆ ಸ್ಫೂರ್ತಿ ಯಾರು ಅನ್ನೋ ವಿಷಯಕ್ಕೆ ಬರ್ತೀನಿ. ಸಿನಿಮಾ ನಟಿಯರ ಹೆಸರು ಕೇಳೋಕೆ ಕಾದಿದ್ರೆ ಕ್ಷಮಿಸಿ.

ಮೊದಲನೆಯವರು ಬಾಬಾಸಾಹೇಬರು. ಗಾಂಧೀಜಿ 1921ರ ಸೆಪ್ಟೆಂಬರ್‌ನಲ್ಲಿ ಮದುರೆಯಲ್ಲಿ ಅಂಗಿ ಬಿಟ್ಟು ತುಂಡುಬಟ್ಟೆಗೆ ಬಂದರು. ಅದೇ 1921ರಲ್ಲಿ ಬಾಬಾಸಾಹೇಬರು ಲಂಡನ್ನಿನಲ್ಲಿ ಎಂ.ಎಸ್ಸಿ. ಪದವಿ ಪಡೆದರು. ಒಬ್ಬರು ಬಟ್ಟೆ ಕಳಚಿದ್ದು ತ್ಯಾಗ ಅಂತ ಪಠ್ಯಪುಸ್ತಕಕ್ಕೆ ಬಂತು. ಇನ್ನೊಬ್ಬರು ಸೂಟು ಹಾಕಿದ್ದು ಮಾತ್ರ ಇವತ್ತಿಗೂ ಕೆಲವರಿಗೆ ಚುಚ್ಚುತ್ತೆ. ಬಿಡೋಕೆ ಮೊದಲು ಇರಬೇಕಲ್ವಾ? ತಲೆತಲಾಂತರ ಅಂಗಿಯೇ ದಕ್ಕದ ಜನಕ್ಕೆ ಅಂಗಿ ಬಿಡೋದು ಯಾವ ತ್ಯಾಗ? ನಮ್ಮ ಕೇರಿ ಕೇರಿಯಲ್ಲಿ ನಿಂತಿರೋ ಪ್ರತಿಮೆ ನೋಡಿ: ನೀಲಿ ಕೋಟು, ಟೈ, ಜೇಬಲ್ಲಿ ಪೆನ್ನು, ಕೈಯಲ್ಲಿ ಸಂವಿಧಾನ. ಚಿಕ್ಕಂದಿನಲ್ಲಿ ನಾನು ನೋಡಿದ ಮೊದಲ ಇಸ್ತ್ರಿ ಮಾಡಿದ ಬಟ್ಟೆ ಅದು, ಸಿಮೆಂಟಿನದ್ದು.

ಎರಡನೆಯವರು ಮಹಾಡಿನ ಹೆಂಗಸರು. ಇವರ ಬಗ್ಗೆ ನಮ್ಮ ಹುಡುಗರಿಗೂ ಅಷ್ಟಾಗಿ ಗೊತ್ತಿಲ್ಲ. 1927ರ ಡಿಸೆಂಬರ್ 25ಕ್ಕೆ ಮಹಾಡಿನಲ್ಲಿ ಮನುಸ್ಮೃತಿ ಸುಟ್ಟರು, ಅದು ಎಲ್ಲರಿಗೂ ಗೊತ್ತು. ಎರಡು ದಿನ ಬಿಟ್ಟು, 27ಕ್ಕೆ, ಅಲ್ಲಿ ಸೇರಿದ್ದ ನಮ್ಮ ಹೆಂಗಸರನ್ನ ಕೂರಿಸಿಕೊಂಡು ಬಾಬಾಸಾಹೇಬರು ಏನು ಮಾತಾಡಿದರು? ಸೀರೆ ಬಗ್ಗೆ. ಸೀರೆ ಉಡೋ ರೀತಿಯಲ್ಲೇ ನಿಮ್ಮ ಜಾತಿ ಗುರುತು ಹಿಡೀತಾರೆ, ಆ ಗುರುತು ಅಳಿಸಿ, ಮೇಲ್ಜಾತಿ ಹೆಂಗಸರು ಉಡುವ ಹಾಗೇ ಪೂರ್ತಿ ಕಾಲು ಮುಚ್ಚೋ ಹಾಗೆ ಉಡಿ ಅಂದರು. ಕೊರಳು ತುಂಬ ಸರ, ಮೊಣಕೈವರೆಗೆ ಬೆಳ್ಳಿ ಕಡಗ, ಇವೂ ಗುರುತೇ. ಹಾಕೋದಾದ್ರೆ ಚಿನ್ನದ್ದು ಹಾಕಿ, ಇಲ್ಲಾಂದ್ರೆ ಬೇಡ ಅಂದರು. ಹರಿದಿದ್ರೂ ಪರವಾಗಿಲ್ಲ, ಬಟ್ಟೆ ಶುಚಿಯಾಗಿರಲಿ, ಹೆಣ್ಣುಮಕ್ಕಳನ್ನ ಓದಿಸಿ ಅಂದರು. ಕೇಳಿಸಿಕೊಂಡ ಹೆಂಗಸರು ಸೀರೆ ಉಡುವ ರೀತಿಯನ್ನ ಅಲ್ಲೇ, ಆ ಊರಲ್ಲೇ ಬದಲಿಸಿಕೊಂಡರು.

ಹೆಣದ ಬಟ್ಟೆ ಉಡು ಅಂತ ಹೇಳಿದ ಪುಸ್ತಕ ಬೂದಿಯಾದ ಎರಡೇ ದಿನಕ್ಕೆ ಸೀರೆಯ ನೆರಿಗೆ ಬದಲಾಯ್ತು. ಇದನ್ನ ಷೋಕಿ ಅಂತೀರಾ?

ಇಲ್ಲಿ ಒಬ್ಬ ಬುದ್ಧಿವಂತರು ಎದ್ದು "ಅದು ಸಂಸ್ಕೃತೀಕರಣ ಅಲ್ವಾ, ಎಂ.ಎನ್. ಶ್ರೀನಿವಾಸ್ ಹೇಳಿದ್ರಲ್ಲ, ಮೇಲ್ಜಾತಿಯ ಅನುಕರಣೆ" ಅಂತಾರೆ. ಅಲ್ಲ ಸಾರ್. ಜೈಲಿನ ಸಮವಸ್ತ್ರ ಬಿಚ್ಚಿ ಹಾಕಿದವನು ಜೈಲರನ್ನ ಅನುಕರಣೆ ಮಾಡ್ತಿದ್ದಾನೆ ಅಂತ ಯಾರಾದ್ರೂ ಹೇಳ್ತಾರಾ? ಪೂರ್ತಿ ಸೀರೆ ಮೇಲ್ಜಾತಿಯ ಸ್ವತ್ತಾಗಿರಲಿಲ್ಲ. ಅದಕ್ಕೆ ಬೇಲಿ ಹಾಕಿದ್ದರು, ನಮ್ಮವರು ಬೇಲಿ ಕಿತ್ತರು.

ಮೂರನೆಯವರು ಕೇರಳದ ಪುಲಯ ಹೆಂಗಸರು. ಅವರು ಕೊರಳಿಗೆ ಕಲ್ಲಿನ ಸರವನ್ನೇ ಹಾಕಬೇಕಿತ್ತು. 1915ರಲ್ಲಿ ಕೊಲ್ಲಂ ಹತ್ತಿರದ ಪೆರಿನಾಡಿನಲ್ಲಿ ಅಯ್ಯನ್‌ಕಾಳಿಯವರ ಮಾತಿಗೆ ಓಗೊಟ್ಟು ಆ ಸರ ಕಿತ್ತೆಸೆದರು. ಗಲಾಟೆ ಆಯ್ತು, ಗುಡಿಸಲು ಸುಟ್ಟರು. ಆದ್ರೆ ಸರ ಮತ್ತೆ ಕೊರಳಿಗೆ ಏರಲಿಲ್ಲ. ಅವರಿಗಿಂತ ಮುಂಚೆ, ಅದೇ ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚೋ ಹಕ್ಕಿಗಾಗಿ ದಶಕಗಳ ಕಾಲ ಹೊಡೆತ ತಿಂದು 1859ರಲ್ಲಿ ರಾಜಾಜ್ಞೆ ಹೊರಡಿಸಿದ್ದರು. ಒಂದು ಕುಪ್ಪಸಕ್ಕೆ ಅಷ್ಟು ವರ್ಷ.

ನಮ್ಮ ಕರ್ನಾಟಕವೇನು ಕಮ್ಮಿ? ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ದೇವರ ಹೆಸರಲ್ಲಿ ಬೆತ್ತಲೆ ಸೇವೆ ನಡೀತಿತ್ತು. 1986ರಲ್ಲಿ ಅದನ್ನ ತಡೆಯೋಕೆ ದಲಿತ ಸಂಘರ್ಷ ಸಮಿತಿಯವರು ಹೋದಾಗ ಕಾರ್ಯಕರ್ತರ ಬಟ್ಟೆ ಬಿಚ್ಚಿಸಿದರು, ಪೊಲೀಸರ ಬಟ್ಟೆಯನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ನಿಷೇಧ ಹೇರಿತು. ಹೆಣ್ಣುಮಕ್ಕಳ ಮೈಮೇಲೆ ಬಟ್ಟೆ ಇರಲಿ ಅಂತ ಜೀವ ಪಣಕ್ಕಿಟ್ಟ ಚಳವಳಿಯ ಮಕ್ಕಳು ನಾವು. ಬಟ್ಟೆ ನಮಗೆ ಸಣ್ಣ ವಿಷಯ ಅಲ್ಲ.

ನಾಲ್ಕನೆಯವರು ಬೆಹೆನ್‌ಜಿ ಮಾಯಾವತಿ. ಉತ್ತರ ಪ್ರದೇಶಕ್ಕೆ ನಾಲ್ಕು ಸಲ ಮುಖ್ಯಮಂತ್ರಿ ಆದವರು. ಅವರ ಆಡಳಿತಕ್ಕಿಂತ ಅವರ ಹ್ಯಾಂಡ್‌ಬ್ಯಾಗ್ ಬಗ್ಗೆ ನಡೆದ ಚರ್ಚೆಯೇ ಜಾಸ್ತಿ ಇರಬೇಕು. ಪ್ರತಿಮೆಗಳಿಗೆ ಆದ ಖರ್ಚನ್ನ ಪ್ರಶ್ನಿಸಿ, ಅದು ಸಾರ್ವಜನಿಕರ ದುಡ್ಡು, ತಕರಾರಿಲ್ಲ. ಆದರೆ ಬ್ಯಾಗಿಗೆ ಯಾಕೆ ನಗು? ಬೇರೆ ರಾಜಕಾರಣಿಗಳು ರೇಷ್ಮೆ ಸೀರೆ ಉಟ್ಟರೆ "ಎಂಥಾ ಅಭಿರುಚಿ" ಅಂತ ಬರೆಯೋ ಪೆನ್ನು, ನಮ್ಮ ಹೆಣ್ಣುಮಗಳ ಕೈಯಲ್ಲಿ ಬ್ಯಾಗ್ ಕಂಡ ಕೂಡಲೇ "ಆಡಂಬರ" ಅಂತ ಬರೆಯುತ್ತೆ. ಕಲ್ಲಲ್ಲಿ ಕೆತ್ತಿದ ಆ ಬ್ಯಾಗು ನನಗೆ ಬಲು ಇಷ್ಟ. ತಲೆಮೇಲೆ ಬುಟ್ಟಿ ಹೊತ್ತ ಜನದ ಮಗಳ ಕೈಗೆ ಬ್ಯಾಗ್ ಬಂತಲ್ಲ, ಅಷ್ಟು ಸಾಕು.

ಐದನೆಯವಳು ನಮ್ಮವ್ವ. ಅವ್ವ ಇಪ್ಪತ್ತು ವರ್ಷ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿದವಳು. ಯಾವ ದೇಶದ ಯಾವ ಗಂಡಸು ಆ ಕಾಲರ್ ಏರಿಸಿಕೊಂಡು ಓಡಾಡ್ತಿದ್ದಾನೋ ಅವಳಿಗೆ ಗೊತ್ತಿಲ್ಲ. ಬೆಂಗಳೂರಲ್ಲಿ ಒಂದು ಬೈಗುಳ ಇದೆ, ಕೇಳಿರ್ತೀರಿ: "ಒಳ್ಳೆ ಗಾರ್ಮೆಂಟ್ಸ್ ಹುಡುಗಿ ಥರ ಡ್ರೆಸ್ ಮಾಡ್ಕೊಂಡಿದಾಳೆ." ಹೊಳೆಯೋ ಚೂಡಿದಾರ್, ಮ್ಯಾಚಿಂಗ್ ಬಳೆ, ಮುಡಿತುಂಬ ಹೂವು, ಮುಖಕ್ಕೆ ಪೌಡರ್. ಪ್ರಪಂಚಕ್ಕೆಲ್ಲ ಫ್ಯಾಷನ್ ಹೊಲಿದು ಕೊಡೋ ಹೆಂಗಸರ ಅಭಿರುಚಿಯೇ ಇಲ್ಲಿ ಬೈಗುಳ! ಇದೇ "ಗಾರ್ಮೆಂಟ್ಸ್ ಹುಡುಗಿ"ಯರು 2016ರ ಏಪ್ರಿಲ್‌ನಲ್ಲಿ ಪಿ.ಎಫ್. ನಿಯಮ ಬದಲಾಯಿಸೋಕೆ ಹೊರಟಾಗ ಹೊಸೂರು ರಸ್ತೆ, ತುಮಕೂರು ರಸ್ತೆಯಲ್ಲಿ ಕೂತರು. ಎರಡು ದಿನದಲ್ಲಿ ಕೇಂದ್ರ ಸರ್ಕಾರ ಆದೇಶ ವಾಪಸ್ ತಗೊಂಡಿತು. ಆ ರಸ್ತೆಯಲ್ಲಿ ಮುಡಿಗೆ ಹೂ ಮುಡಿದವರೂ ಇದ್ದರು, ಪೌಡರ್ ಹಾಕಿದವರೂ ಇದ್ದರು. ಹೋರಾಟವೇನು ಕೆಟ್ಟು ಹೋಗಲಿಲ್ಲ.

ಇಷ್ಟು ಹೇಳಿದ ಮೇಲೆ ಸರಳತೆಯ ಮೇಡಂಗೆ ಒಂದೆರಡು ಮಾತು.

ಮೇಡಂ, ನಿಮ್ಮ ಕೈಮಗ್ಗದ ಸೀರೆಯ ಬೆಲೆ ನಮ್ಮವ್ವನ ಅರ್ಧ ತಿಂಗಳ ಸಂಬಳ. ನಿಮ್ಮ ಕೊರಳಲ್ಲಿರೋ ಕಪ್ಪು ಮಾಡಿದ ಬೆಳ್ಳಿ ಸರ, ಮಣಭಾರದ ಕಡಗ, ಇವನ್ನೇ ಅಲ್ವಾ ನಮ್ಮವರು ಮಹಾಡಿನಲ್ಲಿ ಬಿಚ್ಚಿಟ್ಟಿದ್ದು? ನಾವು ಬಿಸಾಕಿದ ಮೇಲೆ ಅದು ಅಂಗಡಿಯ ಗಾಜಿನ ಹಿಂದೆ ಹೋಗಿ "ಎಥ್ನಿಕ್" ಆಯ್ತು. ನೀವು ಹಾಕಿದ್ರೆ ನಿಮಗೆ ಅಭಿರುಚಿ. ನನ್ನಜ್ಜಿ ಹಾಕಿದ್ರೆ ಅವಳ ಜಾತಿ. ನಿಮ್ಮ ದುಪಟ್ಟಾದ ಕನ್ನಡಿ ಕಸೂತಿ ಸಂಡೂರಿನ ಲಂಬಾಣಿ ಹೆಂಗಸರದ್ದು. ಆ ಹೆಂಗಸು ಅದನ್ನೇ ತೊಟ್ಟು ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿಗೆ ಬಂದ್ರೆ ಸರ್ವಿಸ್ ಲಿಫ್ಟ್ ತೋರಿಸ್ತಾರೆ. ನಿಮ್ಮ ಕಾಲಲ್ಲಿರೋ ಕೊಲ್ಹಾಪುರಿ ಚಪ್ಪಲಿ ನಮ್ಮ ಅಥಣಿ, ನಿಪ್ಪಾಣಿ ಕಡೆಯೂ ತಯಾರಾಗುತ್ತೆ, ಹೊಲಿಯೋರು ನಮ್ಮವರೇ. 2025ರಲ್ಲಿ ಪ್ರಾಡಾ ಕಂಪನಿ ಅದೇ ಥರದ ಚಪ್ಪಲಿಯನ್ನ ಮಿಲಾನ್‌ನ ಷೋನಲ್ಲಿ ಹೆಸರು ಹೇಳದೆ ನಡೆಸಿತು, ಗದ್ದಲ ಆದ ಮೇಲೆ ಮೂಲ ಎಲ್ಲಿಯದು ಅಂತ ಒಪ್ಕೊಂಡಿತು. ಆ ಚಪ್ಪಲಿ ಹೊಲಿದ ತಾತಂದಿರು ಊರ ಬೀದಿಯಲ್ಲಿ ಚಪ್ಪಲಿಯನ್ನ ಕೈಯಲ್ಲಿ ಹಿಡ್ಕೊಂಡು ನಡೆದವರು.

ಈಗ "ಥ್ರಿಫ್ಟಿಂಗ್" ಅಂತ ಬೇರೆ ಬಂದಿದೆ, ಯಾರೋ ಉಟ್ಟು ಬಿಟ್ಟ ಬಟ್ಟೆ ಹಾಕೋದು. ಪರಿಸರಕ್ಕೆ ಒಳ್ಳೇದಂತೆ, ಇರಲಿ. ನಮ್ಮಜ್ಜಿಗೆ ಯುಗಾದಿಗೆ ಗೌಡರ ಮನೆಯಿಂದ ಹಳೇ ಸೀರೆ ಬರ್ತಿತ್ತು, ಹಿತ್ತಿಲ ಬಾಗಿಲಲ್ಲಿ ಸೆರಗೊಡ್ಡಿ ನಿಂತ ಮೇಲೆ. ಅವ್ವ ಮೊದಲ ಸಂಬಳದಲ್ಲಿ ಅಜ್ಜಿಗೆ ಹೊಸ ಸೀರೆ ತಂದಳು, ಆಮೇಲೆ ಅಜ್ಜಿ ಆ ಹಿತ್ತಿಲಿಗೆ ಹೋಗಲಿಲ್ಲ. ಹಾಗಾಗಿ ಮೇಡಂ, ಹಳೇ ಬಟ್ಟೆಯ ಸೊಗಸನ್ನ ನನಗೆ ಹೇಳಿಕೊಡೋಕೆ ಬರಬೇಡಿ. ನನ್ನ ಮನೆಯಲ್ಲಿ ಹೊಸ ಬಟ್ಟೆಗೆ ಇನ್ನೂ ಒಂದು ತಲೆಮಾರಿನ ವಯಸ್ಸೂ ಆಗಿಲ್ಲ.

ಅಣ್ಣನಿಗೆ. ಅಣ್ಣಾ, ನಿನ್ನ ಬಿಳಿ ಅಂಗಿ ಗರಿಗರಿಯಾಗಿರುತ್ತೆ, ಹೆಗಲಿಗೆ ನೀಲಿ ಶಾಲು, ಕಣ್ಣಿಗೆ ಕೂಲಿಂಗ್ ಗ್ಲಾಸು, ಮೀಸೆಗೆ ಹುರಿ. ನನಗೆ ಅದು ಇಷ್ಟಾನೇ. 2017ರಲ್ಲಿ ಗುಜರಾತಿನ ಲಿಂಬೋದರಾದಲ್ಲಿ ಮೀಸೆ ಬಿಟ್ಟಿದ್ದಕ್ಕೆ ನಮ್ಮ ಹುಡುಗರಿಗೆ ಹೊಡೆದಾಗ, 2023ರಲ್ಲಿ ಬನಾಸ್‌ಕಾಂಠಾದಲ್ಲಿ ಒಳ್ಳೆ ಬಟ್ಟೆ, ಕನ್ನಡಕ ಹಾಕಿದ ಅಂತ ಒಬ್ಬನ ಮೇಲೆ ಕೈ ಮಾಡಿದ ಸುದ್ದಿ ಬಂದಾಗ ನೀನು ಮೈಕ್ ಹಿಡಿದು "ಮೀಸೆ ನಮ್ಮ ಸ್ವಾಭಿಮಾನ" ಅಂದೆ. ನಾನೂ ಚಪ್ಪಾಳೆ ತಟ್ಟಿದೆ. ಹಾಗಾದ್ರೆ ನಿನ್ನ ಮೀಸೆ ಸ್ವಾಭಿಮಾನ, ನನ್ನ ಲಿಪ್‌ಸ್ಟಿಕ್ ಮಾತ್ರ ಹೆಂಗೆ ಷೋಕಿ ಆಯ್ತು? ಸಾಹೇಬರ ಸೂಟು ಗಂಡಸರಿಗೆ ಮಾತ್ರ ಹೊಲಿಸಿದ್ದಲ್ಲ ಅಣ್ಣ. ಮಹಾಡಿನಲ್ಲಿ ಬಟ್ಟೆಯ ಮಾತನ್ನ ಅವರು ಆಡಿದ್ದು ಹೆಂಗಸರ ಜೊತೆ.

ಇದು ಬರೀ ನನ್ನ ವಿಷಯ ಆಗಿದ್ರೆ ಇಷ್ಟು ಬರೀತಿರಲಿಲ್ಲ. ಹಾಸ್ಟೆಲ್ಲಿನ ಒಬ್ಬ ಹುಡುಗಿ, ಡಿಗ್ರಿ ಎರಡನೇ ವರ್ಷ, ನನಗೆ ಫೋನ್ ಮಾಡಿದ್ದಳು. ಸ್ಕಾಲರ್‌ಶಿಪ್ ಅರ್ಜಿ ಹಿಡಿದು ಹೋದಾಗ ಕಾಲೇಜಿನ ಗುಮಾಸ್ತರು ಅವಳನ್ನ ಮೇಲಿಂದ ಕೆಳಗೆ ನೋಡಿ, "ಇಷ್ಟು ಚೆನ್ನಾಗಿ ಡ್ರೆಸ್ ಮಾಡ್ಕೊಂಡು ಬರ್ತೀಯ, ನಿಂಗ್ಯಾಕಮ್ಮ ಇದು?" ಅಂದರಂತೆ. ಅವಳ ಹತ್ತಿರ ಇರೋದೇ ಅದೊಂದು ಒಳ್ಳೆ ಡ್ರೆಸ್ಸು. ಅವತ್ತಿಂದ ಆಫೀಸಿಗೆ ಹೋಗೋ ದಿನ ಬೇಕಂತಲೇ ಬಣ್ಣ ಹೋದ ಚೂಡಿದಾರ್ ಹಾಕ್ತಾಳಂತೆ. "ಅಕ್ಕ, ಹಂಗೆ ಹೋದ್ರೆ ಬೇಗ ಸೈನ್ ಹಾಕ್ತಾರೆ" ಅಂದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಹೊಟ್ಟೆ ಉರಿದಿದ್ದು ಅದಕ್ಕೇ.

ಗುಮಾಸ್ತರೇ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಪೋಷಕರ ವಾರ್ಷಿಕ ಆದಾಯದ ಮಿತಿ 2.5 ಲಕ್ಷ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಕೊಡೋದು ತಹಸೀಲ್ದಾರರು. "ಬಟ್ಟೆ ಹಳೇದಾಗಿದೆ" ಅನ್ನೋ ಪ್ರಮಾಣಪತ್ರ ಯಾವ ಕಾಲಂನಲ್ಲೂ ಕೇಳಿಲ್ಲ. ಹೆಣದ ಬಟ್ಟೆ ಉಡು ಅಂತ ಅವತ್ತು ಬರೆದವನಿಗೂ, ಬಡವಿ ಥರ ಬಾ ಅಂತ ಇವತ್ತು ಕಣ್ಣಲ್ಲೇ ಹೇಳೋ ನಿಮಗೂ ಏನು ವ್ಯತ್ಯಾಸ?

ಇನ್ನೊಂದು ಗೊತ್ತಿರಲಿ. ದೌರ್ಜನ್ಯ ತಡೆ ಕಾಯ್ದೆಯ ಸೆಕ್ಷನ್ 3(1)(ಇ) ಓದಿ, 2015ರ ತಿದ್ದುಪಡಿಯ ನಂತರದ್ದು. ನಮ್ಮವರ ಬಟ್ಟೆ ಬಿಚ್ಚೋದು, ತಲೆ ಬೋಳಿಸೋದು, ಮೀಸೆ ತೆಗೆಯೋದು, ಮುಖಕ್ಕೆ ಬಣ್ಣ ಬಳಿಯೋದು ಅಪರಾಧ ಅಂತ ಹೆಸರಿಟ್ಟು ಬರೆದಿದೆ. ಬಟ್ಟೆಗೂ ಘನತೆಗೂ ಏನು ಸಂಬಂಧ ಅಂತ ಪಾರ್ಲಿಮೆಂಟಿಗೇ ಗೊತ್ತಾಗಿದೆ. ನಿಮಗೆ ಗೊತ್ತಾಗಿಲ್ಲ ಅಂದ್ರೆ ಹೆಂಗೆ?

ದಿನಾ ನಾನು ಏನು ಹಾಕ್ತೀನಿ ಅಂತ ಕೇಳೋ ತಂಗಿಯರಿಗೆ: ಕಾಟನ್ ಕುರ್ತಾ, ಜೀನ್ಸು, ಅಥಣಿ ಚಪ್ಪಲಿ. ಕುರ್ತಾ ಅಳತೆ ಕೊಟ್ಟು ಹೊಲಿಸಿದ್ದು, ಎರಡೂ ಕಡೆ ಜೇಬು ಇಡಿಸ್ತೀನಿ. ನೀಲಿ ಜಾಸ್ತಿ ಇರುತ್ತೆ, ಯಾಕೆ ಅಂತ ಹೇಳಬೇಕಿಲ್ಲ. ದೊಡ್ಡ ಜುಮ್ಕಿ, ಕೈಗೆ ವಾಚು, ಕಡು ಕೆಂಪು ಲಿಪ್‌ಸ್ಟಿಕ್. ಇಸ್ತ್ರಿ ಇಲ್ಲದೆ ಹೊಸ್ತಿಲು ದಾಟಬೇಡ ಅಂತ ಅವ್ವ ಹೇಳಿದ್ದನ್ನ ಇವತ್ತಿಗೂ ಮೀರಿಲ್ಲ. ಸಾಲ ಮಾಡಿ ಬ್ರ್ಯಾಂಡ್ ಹಾಕಿ ಅಂತ ನಾನು ಹೇಳ್ತಿಲ್ಲ. ಇರೋದನ್ನೇ ಶುಚಿಯಾಗಿ, ನಿಮಗೆ ಇಷ್ಟವಾದ ಹಾಗೆ, ಯಾರ ಕಣ್ಣಿಗೂ ಹೆದರದೆ ಹಾಕಿ.

ಡಿಸೆಂಬರ್ 25 ಬರುತ್ತೆ, ಮನುಸ್ಮೃತಿ ದಹನ ದಿನ. ಈ ಸಲದ ಕಾರ್ಯಕ್ರಮಕ್ಕೆ ನಿಮ್ಮ ಪೆಟ್ಟಿಗೆಯಲ್ಲಿರೋ ಎಲ್ಲಕ್ಕಿಂತ ಒಳ್ಳೆ ಬಟ್ಟೆ ಹಾಕ್ಕೊಂಡು ಬನ್ನಿ. ಅವ್ವಂದಿರನ್ನೂ ಕರ್ಕೊಂಡು ಬನ್ನಿ, ಅವರು ಮದುವೆಗೆ ಅಂತ ಎತ್ತಿಟ್ಟ ಸೀರೆ ಉಟ್ಕೊಂಡು ಬರಲಿ. ಅಣ್ಣಾ, ನೀನು ಕೂಲಿಂಗ್ ಗ್ಲಾಸ್ ಮರೀಬೇಡ.

ಜೈ ಭೀಮ್.