ಪೋಸ್ಟರ್ ಹರಿಯಬೇಡಿ, ಹಾಡು ಕೇಳಿ

‘ಮೇಡಂ, ನನ್ನ ಮಗಳಿಗೆ ಹುಚ್ಚು ಹಿಡಿದಿದೆ’ ಅಂತಲೇ ಶುರುವಾಗುತ್ತೆ ಬಸವೇಶ್ವರನಗರದ ಗೃಹಿಣಿಯೊಬ್ಬರ ಪತ್ರ. ಮಗಳು ಎಸ್ಸೆಸ್ಸೆಲ್ಸಿ. ರೂಮಿನ ಗೋಡೆ ತುಂಬಾ ಲೇಡಿ ಗಾಗಾ. ರಾತ್ರಿ ಹನ್ನೊಂದಾದರೂ ಕಿವಿಯಿಂದ ಇಯರ್‌ಫೋನ್ ಇಳಿಯುವುದಿಲ್ಲ. ತನ್ನನ್ನು ತಾನು ‘ಮಾನ್‌ಸ್ಟರ್’ ಅಂತ ಕರೆದುಕೊಳ್ತಾಳೆ. ಮೊನ್ನೆ ದೋಸೆ ಹುಯ್ಯುತ್ತಾ ಅಮ್ಮ ‘ಏನೇ ಅದು, ದಿನಾ ಅದೇ ಹಾಡು?’ ಅಂತ ಕೇಳಿದ್ದಾರೆ. ‘ಫೇಮಸ್ ಆದವನೊಬ್ಬನ ಹಿಂದೆ ಕ್ಯಾಮೆರಾ ಹಿಡ್ಕೊಂಡು ಬೀಳೋ ಹಾಡಮ್ಮ’ ಅಂದಳಂತೆ ಮಗಳು. ಕಾವಲಿ ಮೇಲಿನ ದೋಸೆ ಸೀದೇ ಹೋಯಿತು. ‘ಪೋಸ್ಟರ್ ಹರಿದು ಹಾಕು, ಫೋನ್ ಕಿತ್ಕೋ’ ಅನ್ನುತ್ತಾರೆ ಯಜಮಾನರು. ‘ಎಲ್ಲ ನಿನ್ನ ಸಲುಗೆ’ ಅನ್ನುತ್ತಾರೆ ಅತ್ತೆ. ‘ನಾನೇನು ಮಾಡಲಿ ಹೇಳಿ’ ಅಂತ ಪತ್ರ ಮುಗಿದಿದೆ.

ಮೊದಲು ಆ ‘ಮಾನ್‌ಸ್ಟರ್’ ವಿಷಯ ಮುಗಿಸಿಬಿಡೋಣ. ಗಾಗಾ ತನ್ನ ಅಭಿಮಾನಿಗಳನ್ನು ‘ಲಿಟಲ್ ಮಾನ್‌ಸ್ಟರ್ಸ್’ ಅಂತ ಕರೆಯುತ್ತಾಳೆ, ಅವರು ಅವಳನ್ನು ‘ಮದರ್ ಮಾನ್‌ಸ್ಟರ್’ ಅನ್ನುತ್ತಾರೆ. ತುಂಟ ಮಗುವನ್ನು ನಾವು ‘ರಾಕ್ಷಸ ಕಣೇ ಇದು’ ಅಂತ ಮುದ್ದು ಮಾಡಲ್ವೇ, ಹಾಗೆ. ಅದಕ್ಕೆಲ್ಲ ದೃಷ್ಟಿ ತೆಗೆಯಬೇಕಾಗಿಲ್ಲ.

ಇನ್ನು ಆ ಹಾಡು. ಹೆಸರು ‘ಪಾಪರಾಜಿ’. 2008ರ ‘ದಿ ಫೇಮ್’ ಆಲ್ಬಂನದ್ದು, 2009ರಲ್ಲಿ ಸಿಂಗಲ್ ಆಗಿ ಬಿಡುಗಡೆಯಾಯಿತು. ತಬಲಾ, ವೀಣೆ ಇಲ್ಲ ಬಿಡಿ, ಪೂರ್ತಿ ಸಿಂಥಸೈಜರ್ ಮತ್ತು ಯಂತ್ರದ ತಾಳ. ಕಿವಿಗೆ ಹಿತವಾಗಿದೆ, ನಾನೂ ಕೇಳಿದೆ. ಪಾಪರಾಜಿ ಅಂದರೆ ಪ್ರಸಿದ್ಧರ ಬೆನ್ನು ಬಿಡದೆ ಫೋಟೊ ತೆಗೆಯುವವರು. ಇಟಲಿಯ ನಿರ್ದೇಶಕ ಫೆಲಿನಿಯ 1960ರ ‘ಲಾ ಡೋಲ್ಚೆ ವೀಟಾ’ ಚಿತ್ರದಲ್ಲಿ ಪಾಪರಾಜೋ ಅನ್ನುವ ಫೋಟೊಗ್ರಾಫರ್ ಇದ್ದಾನೆ, ಪದ ಬಂದದ್ದು ಅಲ್ಲಿಂದ. ಹಾಡಿನಲ್ಲಿ ‘ನಾನು’ ಅನ್ನುವವಳು ಅಂಥ ಕ್ಯಾಮೆರಾದವಳೂ ಹೌದು, ಅಭಿಮಾನಿಯೂ ಹೌದು. ನೀನು ನನ್ನನ್ನು ಪ್ರೀತಿಸುವ ತನಕ ಬಿಡಲ್ಲ ಅನ್ನೋ ಧಾಟಿ.

ಆದರೆ ವಿಡಿಯೊ ನೋಡಿ. ಯೊನಾಸ್ ಓಕರ್ಲುಂಡ್ ನಿರ್ದೇಶನ, ಏಳು ನಿಮಿಷಕ್ಕೂ ಹೆಚ್ಚಿದೆ. ಅದರಲ್ಲಿ ಗಾಗಾ ಹಿಂದೆ ಬೀಳುವವಳಲ್ಲ, ಹಿಂದೆ ಬೀಳಿಸಿಕೊಂಡ ತಾರೆ. ಬಾಲ್ಕನಿಯಲ್ಲಿ ಪ್ರಿಯಕರನೇ ಅವಳ ಮುಖವನ್ನು ಕ್ಯಾಮೆರಾ ಕಡೆ ತಿರುಗಿಸುತ್ತಾನೆ. ಜಗಳವಾಗುತ್ತೆ, ಅವಳು ಕೆಳಗೆ ಬೀಳುತ್ತಾಳೆ. ಸುತ್ತ ನಿಂತ ಫೋಟೊಗ್ರಾಫರ್‌ಗಳು ಏನು ಮಾಡುತ್ತಾರೆ ಗೊತ್ತೇ? ಎತ್ತುವುದಿಲ್ಲ. ಫೋಟೊ ತೆಗೆಯುತ್ತಾರೆ. ನನಗೆ ಡಯಾನಾ ನೆನಪಾದಳು. 1997ರ ಆಗಸ್ಟ್ 31ರಂದು ಪ್ಯಾರಿಸ್ಸಿನ ಸುರಂಗದಲ್ಲಿ ಅವಳ ಕಾರು ಅಪ್ಪಳಿಸಿದಾಗಲೂ ಹಿಂದೆ ಕ್ಯಾಮೆರಾದವರಿದ್ದರು. ಸಾವಿಗೆ ಚಾಲಕನ ಜೊತೆಗೆ ಬೆನ್ನಟ್ಟಿದ ವಾಹನಗಳ ಘೋರ ನಿರ್ಲಕ್ಷ್ಯವೂ ಕಾರಣ ಅಂತ 2008ರಲ್ಲಿ ಲಂಡನ್ನಿನ ಜ್ಯೂರಿ ಹೇಳಿತು. ಬೆನ್ನಟ್ಟಿದ ಆ ಚಿತ್ರಗಳನ್ನು ಕೊಂಡು ನೋಡುತ್ತಿದ್ದವರು ಯಾರು? ಅವಳನ್ನು ತುಂಬಾ ಪ್ರೀತಿಸುತ್ತಿದ್ದ ಜನರೇ.

ಹಾಗಾಗಿ ಆ ಹಾಡು ನಿಮ್ಮ ಮಗಳಿಗೆ ಹಿಂದೆ ಬೀಳುವುದನ್ನು ಕಲಿಸುತ್ತಿದೆ ಅಂತ ನನಗನ್ನಿಸುವುದಿಲ್ಲ. ಹಿಂದೆ ಬೀಳುವವಳು ತಲೆಯೊಳಗೆ ಹೇಗಿರುತ್ತಾಳೆ ಅಂತ ತೋರಿಸುತ್ತಿದೆ. ಅದು ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಒಮ್ಮೆ ನಾನೂ ಹಾಗೇ ಇದ್ದೆ.

ಆಗ ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ. ಆಕಾಶವಾಣಿಯಲ್ಲಿ ಸುಗಮ ಸಂಗೀತ ಹಾಡುತ್ತಿದ್ದ ಗಾಯಕರೊಬ್ಬರು, ಹೆಸರು ಬೇಡ, ನನ್ನ ಪಾಲಿಗೆ ದೇವರು. ಅವರ ಕಾರ್ಯಕ್ರಮ ಇದ್ದ ದಿನ ನಮ್ಮ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಇಪ್ಪತ್ತೈದು ಮೂವತ್ತು ಕಾಗದ ಬರೆದಿದ್ದೇನೆ. ಒಂದೇ ಒಂದಕ್ಕೆ ಎರಡು ಸಾಲಿನ ಉತ್ತರ ಬಂತು, ಕಾರ್ಡಿನಲ್ಲಿ. ‘ನಿಮ್ಮ ಅಭಿಮಾನಕ್ಕೆ ಋಣಿ’ ಅಂತ. ಆ ಕಾರ್ಡನ್ನು ನಾನು ಮನೆಪತ್ರದ ಹಾಗೆ ಇಟ್ಟುಕೊಂಡೆ. ಕೊನೆಗೆ ಚಿಕ್ಕಮ್ಮನ ಮಗಳನ್ನು ಕಟ್ಟಿಕೊಂಡು ಬಸ್ ಹತ್ತಿ ಬೆಂಗಳೂರಿಗೆ ಬಂದು, ಮಧ್ಯಾಹ್ನ ಎರಡು ಗಂಟೆಗೆ ಅವರ ಮನೆ ಬಾಗಿಲು ಬಡಿದೆ. ಅವರ ಹೆಂಡತಿ ಬಾಗಿಲು ತೆಗೆದರು. ಸೊಂಟದ ಮೇಲೆ ಜ್ವರದ ಮಗು, ಕೈ ಒದ್ದೆ. ‘ಈಗಷ್ಟೇ ಮಲಗಿದಾರಮ್ಮ, ರಾತ್ರಿ ಕಾರ್ಯಕ್ರಮ ಇದೆ’ ಅಂದರು. ಬಾಗಿಲು ಮುಚ್ಚಿತು.

ನನಗೆ ಎಷ್ಟು ಕೋಪ ಬಂತು ಅಂದರೆ, ಮೈಸೂರು ಸೇರುವ ತನಕ ಅತ್ತೆ. ಎಷ್ಟು ಜಂಭ! ಮೂವತ್ತು ಕಾಗದ ಬರೆದವಳಿಗೆ ಒಂದು ಲೋಟ ನೀರೂ ಇಲ್ಲ! ಮೂರು ವರ್ಷ ಅವರ ದನಿ ಕೇಳಿದರೆ ರೇಡಿಯೊ ಆರಿಸುತ್ತಿದ್ದೆ. ಮದುವೆಯಾಗಿ, ಮಗುವಿಗೆ ಜ್ವರ ಬಂದು, ಹೇಳದೆ ಕೇಳದೆ ಬಂದ ನೆಂಟರಿಗೆ ಕಾಫಿ ಬೆರೆಸುವಾಗ ಆ ಒದ್ದೆ ಕೈ ನೆನಪಾಯಿತು. ಆ ಹೆಣ್ಣುಮಗಳು ನನಗೆ ಏನು ಬಾಕಿ ಇಟ್ಟಿದ್ದರು? ಅವರ ಗಂಡ ಏನು ಬಾಕಿ ಇಟ್ಟಿದ್ದರು? ಹಾಡು ಕೊಟ್ಟಾಗಿತ್ತು. ಲೆಕ್ಕ ಅಲ್ಲಿಗೇ ಚುಕ್ತಾ.

ಈ ಲೆಕ್ಕದ ವಿಷಯವನ್ನೇ ನಾನು ಈ ತಾಯಿಗೆ ಹೇಳಬೇಕೆಂದಿರುವುದು. ಇಷ್ಟಪಡುವುದು ಎಷ್ಟು ಜಾಸ್ತಿ ಅನ್ನುವುದನ್ನು ಅಳೆಯಬೇಡಿ. ‘ನಾನಿಷ್ಟು ಮಾಡಿದೆ, ನೀನು ನನಗೆ ಕೊಡಬೇಕು’ ಅನ್ನೋದು ಬಂದಿದೆಯಾ ನೋಡಿ. 1980ರ ಡಿಸೆಂಬರ್ 8ರಂದು ನ್ಯೂಯಾರ್ಕಿನಲ್ಲಿ ಬೀಟಲ್ಸ್‌ನ ಜಾನ್ ಲೆನನ್‌ಗೆ ಗುಂಡು ಹಾರಿಸಿದವನಿಗೆ, ಕೆಲವೇ ಗಂಟೆ ಮೊದಲು ಲೆನನ್ ತನ್ನ ರೆಕಾರ್ಡಿನ ಮೇಲೆ ಸಹಿ ಹಾಕಿಕೊಟ್ಟಿದ್ದರು. ಸಹಿ ಸಿಕ್ಕಿತ್ತು, ಸಾಲಲಿಲ್ಲ. ಟೆಕ್ಸಾಸ್‌ನ ಗಾಯಕಿ ಸೆಲೀನಾಳನ್ನು 1995ರಲ್ಲಿ ಕೊಂದವಳು ಅವಳ ಅಭಿಮಾನಿ ಸಂಘವನ್ನೇ ನಡೆಸುತ್ತಿದ್ದ ಹೆಂಗಸು. ದುಡ್ಡಿನ ಅವ್ಯವಹಾರ ಬಯಲಾಗಿ ಮನೆಯವರು ದೂರ ಮಾಡಿದ್ದರು. ಸೆಲೀನಾಗೆ ಆಗಿನ್ನೂ 23. ತೀರಾ ಈಚೆಗೆ, 2025ರ ನವೆಂಬರ್‌ನಲ್ಲಿ, ಸಿಂಗಪುರದಲ್ಲಿ ಸಿನಿಮಾ ಪ್ರೀಮಿಯರ್‌ಗೆ ಬಂದ ಗಾಯಕಿ ಅರಿಯಾನಾ ಗ್ರಾಂಡೆ ಮೇಲೆ ಒಬ್ಬ ಬೇಲಿ ಹಾರಿ ಬಂದು ಕೈ ಹಾಕಿದ. ಒಂಬತ್ತು ದಿನ ಜೈಲಾಯಿತು. ಅವನ ಮುಖದಲ್ಲಿ ಎಂಥ ನಗು ಅಂತೀರಿ, ಬೀಗರ ಮನೆಗೆ ಬಂದವನ ಹಾಗೆ.

ಹೆದರಿಸಲು ಇದನ್ನು ಹೇಳುತ್ತಿಲ್ಲ. ಗಾಗಾ ಹಾಡು ಕೇಳುವ ಕೋಟ್ಯಂತರ ಮಕ್ಕಳಲ್ಲಿ ಯಾರೂ ಹೀಗಾಗಲ್ಲ ಅಂತಲೇ ಅಂದುಕೊಳ್ಳಿ. 2025ರ ಮೇ 3ರಂದು ರಿಯೊದ ಕೋಪಕಬಾನಾ ಕಡಲತೀರದಲ್ಲಿ ಅವಳ ಉಚಿತ ಕಾರ್ಯಕ್ರಮಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರಂತೆ, ಕುಣಿದು ಮನೆಗೆ ಹೋದರು. ಹುಚ್ಚು ಅಂದರೆ ಹುಚ್ಚೇ, ಆದರೆ ಜಾತ್ರೆಯ ಹುಚ್ಚು. ಇದೇನು ಅಮೆರಿಕಾದಿಂದ ಬಂದ ರೋಗವೂ ಅಲ್ಲ. ನಮ್ಮನ್ನು ‘ಅಭಿಮಾನಿ ದೇವರುಗಳೇ’ ಅಂತ ಕರೆದ ಅಣ್ಣಾವ್ರು 2006ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ, ಮನೆಯವರಿಗೆ ನೆಮ್ಮದಿಯಿಂದ ಅಳಲೂ ಬಿಡದೆ ಬೆಂಗಳೂರಿನಲ್ಲಿ ಕಲ್ಲು ತೂರಿದವರು ನಮ್ಮ ಕಾಲದವರೇ ಅಲ್ವಾ?

ಈಗಿನ ಮಕ್ಕಳಿಗೆ ಒಂದು ಕಷ್ಟ ಹೆಚ್ಚು. ನನಗೆ ಬಂದದ್ದು ಒಂದು ಕಾರ್ಡು. ಅವರಿಗೆ ‘ಕಾರ್ಡು’ ದಿನಾ ಬರುತ್ತೆ. ಕೊರಿಯಾದ ಗಾಯಕರದ್ದು ‘ಬಬಲ್’ ಅಂತ ಒಂದು ಆ್ಯಪ್ ಇದೆ. ತಿಂಗಳ ಚಂದಾ ಕಟ್ಟಿದರೆ ಗಾಯಕನ ಮೆಸೇಜು ನಿಮ್ಮೊಬ್ಬರಿಗೇ ಬಂದಂತೆ ಫೋನಿನಲ್ಲಿ ಬೀಳುತ್ತೆ, ‘ಊಟ ಆಯ್ತಾ?’ ಅಂತೆಲ್ಲ. ಅದೇ ಮೆಸೇಜು ಚಂದಾ ಕಟ್ಟಿದ ಎಲ್ಲರಿಗೂ ಹೋಗಿರುತ್ತೆ. ಒಬ್ಬಳೇ ಮಗಳಿರುವ ಮನೆಯಲ್ಲಿ, ಅಪ್ಪ ರಾತ್ರಿ ಒಂಬತ್ತಕ್ಕೆ ಬರುವ ಮನೆಯಲ್ಲಿ, ಆ ‘ಊಟ ಆಯ್ತಾ’ ಎಷ್ಟು ಬೆಚ್ಚಗಿರಬಹುದು ಯೋಚಿಸಿ. ಹೀಗೆ ಏಕಮುಖವಾಗಿ ಬೆಳೆಯುವ ಸಲುಗೆ ಬಗ್ಗೆ ಹಾರ್ಟನ್, ವೋಲ್ ಅನ್ನುವ ಇಬ್ಬರು ಅಮೆರಿಕನ್ನರು 1956ರಲ್ಲೇ ಬರೆದಿದ್ದರು, ಟೀವಿ ನೋಡುವವರನ್ನು ಕುರಿತು. ಆಗ ಟೀವಿ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಅಷ್ಟೇ.

2024ರ ಜನವರಿಯಲ್ಲಿ ತಮಿಳುನಾಡಿನ ಕರೂರು ಕಡೆಯ 13 ವರ್ಷದ ಮೂವರು ಹುಡುಗಿಯರು 14,000 ರೂಪಾಯಿ ಹಿಡಿದು ಮನೆ ಬಿಟ್ಟಿದ್ದರು. ಹಡಗು ಹತ್ತಿ ಕೊರಿಯಾಕ್ಕೆ ಹೋಗಿ ಬಿಟಿಎಸ್‌ ತಂಡವನ್ನು ನೋಡುತ್ತೇವೆ ಅಂತ. ಪುಣ್ಯಕ್ಕೆ ಕಾಟ್ಪಾಡಿಯಲ್ಲಿ ಪೊಲೀಸರ ಕಣ್ಣಿಗೆ ಬಿದ್ದರು. ಆ ಮಕ್ಕಳನ್ನು ನೋಡಿ ನಗುವವರು ನಗಲಿ, ನನಗೆ ನಾನು ಹತ್ತಿದ ಬಸ್ಸೇ ಕಾಣುತ್ತೆ.

ಹಾಗಾಗಿ, ಬಸವೇಶ್ವರನಗರದ ತಾಯಿಯೇ, ಪೋಸ್ಟರ್ ಹರಿಯಬೇಡಿ. ಹರಿದರೆ ನಾಳೆಯಿಂದ ಗಾಗಾ ಫೋನಿನೊಳಗೆ ಇರುತ್ತಾಳೆ, ನಿಮಗೆ ಕಾಣುವುದಿಲ್ಲ. ಗೋಡೆ ಮೇಲಿದ್ದರೇ ಕ್ಷೇಮ. ಯಜಮಾನರಿಗೂ ಹೇಳಿ, ವಿಶ್ವಕಪ್ ಫೈನಲ್ ಸೋತಾಗ ಎರಡು ದಿನ ಊಟ ಬಿಟ್ಟವರು ಮನೆಯಲ್ಲಿ ಯಾರು ಅಂತ ನೆನಪಿಸಿ. ಫೋನನ್ನು ರಾತ್ರಿ ಹತ್ತಕ್ಕೆ ಹಾಲ್‌ನಲ್ಲಿ ಚಾರ್ಜಿಗೆ ಹಾಕುವ ನಿಯಮ ಮಾಡಿ, ಆದರೆ ನಿಮ್ಮ ಫೋನೂ ಅವರ ಫೋನೂ ಅಲ್ಲೇ ಇರಬೇಕು. ದುಡ್ಡು ಎಲ್ಲಿಗಾದರೂ ಹೋಗುತ್ತಿದೆಯಾ, ಗೆಳತಿಯರು ಮನೆಗೆ ಬರುವುದು ನಿಂತಿದೆಯಾ, ಊಟ ನಿದ್ದೆ ಬಿಟ್ಟಿದ್ದಾಳಾ ಗಮನಿಸಿ. ಮುಖ್ಯವಾಗಿ, ಗಾಗಾ ಏನೋ ಮಾಡಲಿಲ್ಲ, ಉತ್ತರ ಕೊಡಲಿಲ್ಲ ಅಂತ ಅವಳಿಗೆ ಕೋಪ ಬರುತ್ತಾ? ಬೇಜಾರಾದರೆ ಪರವಾಗಿಲ್ಲ. ಕೋಪ ವಾರಗಟ್ಟಲೆ ಇಳಿಯದಿದ್ದರೆ ಆಪ್ತಸಲಹೆಗಾರರ ಹತ್ತಿರ ಕರೆದುಕೊಂಡು ಹೋಗಿ, ಅದಕ್ಕೆ ನಾಚಿಕೆ ಬೇಡ.

ಆ ವಿಡಿಯೊವನ್ನು ಮೊದಲು ನೀವೊಬ್ಬರೇ ನೋಡಿ. ಕೆಲವು ದೃಶ್ಯ ಇರುಸುಮುರುಸು ಮಾಡುತ್ತವೆ, ವಿಷ ಹಾಕುವುದೂ ಇದೆ. ಆಮೇಲೆ ಒಂದು ಶನಿವಾರ, ಅತ್ತೆ ಮಲಗಿದಾಗ, ಮಗಳ ಜೊತೆ ಕೂತು ಇನ್ನೊಮ್ಮೆ ನೋಡಿ. ಬಾಲ್ಕನಿಯಿಂದ ಬಿದ್ದವಳ ಸುತ್ತ ಫ್ಲ್ಯಾಷ್ ಮಿಂಚುವಾಗ ನಿಲ್ಲಿಸಿ, ‘ಇಲ್ಲಿ ನಿಂತವರಲ್ಲಿ ಅವಳ ಫ್ಯಾನ್ ಯಾರು ಪುಟ್ಟಿ?’ ಅಂತ ಕೇಳಿ. ಅವಳು ಏನಂದಳು ಅಂತ ನನಗೂ ಒಂದು ಕಾಗದ ಹಾಕಿ.